ಬುಧವಾರದ ಹೊಟ್ಟೆ

ನನ್ನ ಹೊಟ್ಟೆಯನ್ನು ನಾನು ಯಾವತ್ತೂ ಬೈದವನಲ್ಲ. ಅದು ದುಡಿಯುವ ಹೊಟ್ಟೆಯಾಗಿತ್ತು. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ನಾನು ಸೇಲ್ಸ್‌ಮನ್. ಮದುವೆ ಜವಳಿಗೆ ಬಂದ ಹೆಂಗಸರು ಹಾಸಿನ ಮೇಲೆ ಕೂತ ಮೇಲೆ, ಸೀರೆ ಬಿಚ್ಚಿ ನನ್ನ ಮೈಮೇಲೆ ಹೊದ್ದು ತೋರಿಸುವುದು ನನ್ನ ಕೆಲಸ. ಬರೀ ಹೊದ್ದು ನಿಲ್ಲುವವನಾಗಿದ್ದರೆ ಅಂಗಡಿಯಲ್ಲಿ ಬೊಂಬೆ ಇದ್ದೇ ಇತ್ತು. ನಾನು ಸೆರಗು ಇಳಿಬಿಟ್ಟು, ಸೊಂಟಕ್ಕೆ ಕೈಕೊಟ್ಟು, ಗಂಡಿನ ತಾಯಿಯ ಹಾಗೆ ಮೂತಿ ತಿರುಗಿಸಿ, "ಇದೇನ್ ಸೀರೆನೋ ಸೊಳ್ಳೆಪರ್ದೆನೋ" ಅನ್ನುತ್ತಿದ್ದೆ. ಹೆಣ್ಣಿನ ಕಡೆಯವರು ಬಿದ್ದು ಬಿದ್ದು ನಗುವರು. ನಕ್ಕವರು ಬರಿಗೈಲಿ ಎದ್ದು ಹೋಗುವುದಿಲ್ಲ ಎನ್ನುವುದು ನಮ್ಮ ಮಾಲೀಕರ ನಂಬಿಕೆ.

"ಲೇ, ನಿನ್ ಒಟ್ಟೆ ಮೇಲೆ ಚೆಂದಾಗ್ ಕಾಣೋ ಸೀರೆ ಯಾರ್ ಒಟ್ಟೆ ಮೇಲಾದ್ರೂ ಚೆಂದಾಗ್ ಕಾಣ್ತದೆ ಕಣ್ಲಾ," ಎಂದು ಅವರು ಹೇಳುತ್ತಿದ್ದರು. "ಗಿರಾಕಿಗೆ ಧೈರ್ಯ ಬತ್ತದೆ."

ರಜೆಯ ದಿನ ಮಿಮಿಕ್ರಿ. ಹನೂರು, ಯಳಂದೂರು, ಸುತ್ತಿನ ಊರುಗಳ ಮದುವೆ, ನಾಮಕರಣ, ಆರ್ಕೆಸ್ಟ್ರಾ. ಬಸ್ ಕಂಡಕ್ಟರ್, ಪಂಚಾಯಿತಿಯಲ್ಲಿ ಮೈಕು ಹಿಡಿದವರು, ಹೆಂಡತಿಯೆದುರು ದನಿ ತಗ್ಗಿಸುವ ಮೇಷ್ಟ್ರು, ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಜನ ಕಾದು ಕೂರುತ್ತಿದ್ದದ್ದು ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರಿಗೆ. ಎರಡು ಟ್ರೇಲರಿನ ಟ್ರ್ಯಾಕ್ಟರು ದಿಬ್ಬ ಹತ್ತಲಾರದೆ ತಿಣುಕುವುದನ್ನು ಬಾಯಲ್ಲಿ ಮಾಡುತ್ತಿದ್ದೆ. ಮುಂದಿನ ಟ್ರೇಲರು ನನ್ನ ಹೊಟ್ಟೆ, ಹಿಂದಿನದು ಏನೆಂದು ಹೇಳಬೇಕಿಲ್ಲ. ಎರಡೂ ಬೇರೆಬೇರೆ ಕಡೆ ತೂಗಾಡುವುದನ್ನು ನೋಡಿ ಮದುಮಕ್ಕಳೂ ಫೋಟೋದ ಮುಖ ಬಿಟ್ಟು ನಗುತ್ತಿದ್ದರು.

ಅಪ್ಪನದೂ ನನ್ನಂಥದೇ ಮೈ. ಮಗ್ಗದ ಗುಂಡಿಯಲ್ಲಿ ಕೂತೇ ಆಯಸ್ಸು ಸವೆಸಿದ ನೇಕಾರ. ಒಂದು ಬೆಳಿಗ್ಗೆ ಲಾಳಿ ಹಿಡಿದ ಕೈ ಎದೆಗೆ ಹೋಯಿತು. ರೇಷನ್ ಕಾರ್ಡಿನಲ್ಲಿ ಬಿಟ್ಟಿ ಆಪರೇಷನ್ ಮಾಡುವ ಆಸ್ಪತ್ರೆಯಲ್ಲಿ ಸರದಿ ದೂರವಿತ್ತು. ಅಪ್ಪನ ಎದೆ ಸರದಿ ನಿಲ್ಲುವ ಹಾಗಿರಲಿಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಗೆ ಹಾಕಿದೆವು. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿದರು. ಅಪ್ಪ ಉಳಿದ.

ಬಿಲ್ಲು ಕಟ್ಟಿ ಬಂದ ಮೇಲೆ ಡಾಕ್ಟರು ಅಪ್ಪನ ಹೊಟ್ಟೆಯನ್ನು ನೋಡಿದರು, ನನ್ನದನ್ನು ನೋಡಿದರು. "ಏನಪ್ಪಾ, ಫ್ಯಾಮಿಲಿ ಬಿಸಿನೆಸ್ಸಾ ಇದು?" ಎಂದರು. ನಾನು ಜೀವಮಾನವೆಲ್ಲ ಬೇರೆಯವರ ಮೇಲೆ ಮಾಡಿದ ತಮಾಷೆಗಿಂತ ಅದು ಒಳ್ಳೆಯದಿತ್ತು. ನಗು ಬರಲಿಲ್ಲ. ನನ್ನ ರಕ್ತವನ್ನೂ ತೆಗೆಸಿದರು. ಸಕ್ಕರೆ ಗಡಿಯ ಮೇಲೆ ನಿಂತಿತ್ತು, ಕೊಬ್ಬು ಗಡಿ ದಾಟಿ ಆಚೆ ಮನೆ ಕಟ್ಟಿಕೊಂಡಿತ್ತು. "ಇಳಿಸದೇ ಇದ್ರೆ ನಿಮ್ಮಪ್ಪನ ವಯಸ್ಸಿನವರೆಗೂ ಕಾಯೋದಿಲ್ಲ ಇದು," ಎಂದು ಹೇಳಿ ಆಹಾರ ಹೇಳಿಕೊಡುವ ಮೇಡಂ ಹತ್ತಿರ ಕಳಿಸಿದರು.

ಆ ಮೇಡಂ ಬಹಳ ಮೃದು. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ಹಣ್ಣು, ನೆನೆಸಿದ ಬಾದಾಮಿ, ಸಂಜೆ ಗ್ರೀನ್ ಟೀ, ರಾತ್ರಿ ಸೂಪು. ಮನೆಗೆ ಬಂದು ಅವರ ದನಿಯಲ್ಲೇ ಅವ್ವನಿಗೆ ಒಪ್ಪಿಸಿದೆ. ಕತ್ತು ಓರೆ ಮಾಡಿ, "ನೆನೆಸಿದ ಬಾದಾಮೀ, ಸಿಪ್ಪೆ ತೆಗೆದೂ," ಎಂದು. ಆಸ್ಪತ್ರೆಯ ದಿನಗಳು ಶುರುವಾದ ಮೇಲೆ ಅವ್ವ ಮೊದಲ ಸಲ ನಕ್ಕಳು. ನಕ್ಕು ಮುಗಿಸಿ, "ಬಾದಾಮಿ ಎಷ್ಟಂತ್ಲಾ ಕಿಲಾ?" ಎಂದಳು. ಹೇಳಿದೆ. ಮತ್ತೆ ನಗಲಿಲ್ಲ.

ಯಾಕೆಂದರೆ ಮನೆಗೆ ಅಪ್ಪನ ಜೊತೆ ಸಾಲವೂ ಬಂದಿತ್ತು. ಅದು ಎರಡು ಬಗೆಯದು. ಒಂದು, ಅವ್ವನ ಸಂಘದ್ದು. ನಮ್ಮ ಬೀದಿಯ ಹತ್ತು ಹೆಂಗಸರ ಗುಂಪು. ಕಂಪನಿಯೊಂದು ಸಾಲ ಕೊಡುತ್ತದೆ, ಬುಧವಾರ ಬುಧವಾರ ಕಂತು ಕಟ್ಟಬೇಕು. ಒಬ್ಬರು ಕಟ್ಟದಿದ್ದರೆ ಉಳಿದವರು ಹಂಚಿಕೊಂಡು ಕಟ್ಟಬೇಕು, ಅಲ್ಲಿಯವರೆಗೆ ಯಾರೂ ಎದ್ದು ಹೋಗುವ ಹಾಗಿಲ್ಲ. ಪ್ರತಿ ಹೆಂಗಸಿನ ಜೊತೆ ಮನೆಯ ದುಡಿಯುವ ಗಂಡಸಿನ ಫೋಟೋ ಮತ್ತು ಸಹಿ ಬೇಕು. ಅಪ್ಪ ಮಲಗಿದ್ದರಿಂದ ನಮ್ಮ ಮನೆಯ ದುಡಿಯುವ ಗಂಡಸು ನಾನು. ಎರಡನೆಯದು ಬಡ್ಡಿ ಸಾವ್ಕಾರರದು. ಅವರ ಬೀರುವಿನಲ್ಲಿ ನಮ್ಮ ಮನೆಯ ಪತ್ರವಿತ್ತು. ತಿಂಗಳು ತಿಂಗಳು ಬಂದು ಬಡ್ಡಿ ತೆಗೆದುಕೊಂಡು, ಅಪ್ಪನ ಆರೋಗ್ಯ ವಿಚಾರಿಸಿ, ಗೋಡೆಗೆ ಗೆಣ್ಣು ಬಡಿದು, "ಗೋಡೆ ಗಟ್ಟಿಯಾಗದೆ" ಎಂದು ಹೇಳಿ ಹೋಗುತ್ತಿದ್ದರು. ಅಸಲು ಕದಲುತ್ತಿರಲಿಲ್ಲ.

ನಮ್ಮ ಲೆಕ್ಕ ಹೀಗಿತ್ತು. ಸಂಘದ ಮೊದಲ ಸಾಲವನ್ನು ಒಂದು ಕಂತೂ ತಪ್ಪದೆ ತೀರಿಸುವುದು. ಆಗ ಕಂಪನಿ ಎರಡನೇ ಸಾಲ ಕೊಡುತ್ತದೆ, ಮೊದಲಿನದಕ್ಕಿಂತ ದೊಡ್ಡದು. ಅದನ್ನು ಇಡಿಯಾಗಿ ಸಾವ್ಕಾರರ ಮುಂದೆ ಸುರಿದು ಪತ್ರ ಬಿಡಿಸಿಕೊಳ್ಳುವುದು. ಆಮೇಲೆ ಉಳಿಯುವುದು ಬುಧವಾರ ಮಾತ್ರ. ಅಷ್ಟರವರೆಗೆ ಮನೆ ಉಳಿಯಬೇಕು, ನಾನೂ ಉಳಿಯಬೇಕು.

ನಾನು ಉಳಿಯುವ ಜವಾಬ್ದಾರಿಯನ್ನು ಅವ್ವ ಹೊತ್ತುಕೊಂಡಳು.

ಕಡಿಮೆ ತಿಂದರೆ ದುಡ್ಡೂ ಉಳಿಯುತ್ತದೆ, ಮೈಯೂ ಇಳಿಯುತ್ತದೆ ಎಂದುಕೊಂಡಿದ್ದೆ. ಹೊಟ್ಟೆ ತುಂಬಿದವರ ಯೋಚನೆ ಅದು. ಅಕ್ಕಿ ರೇಷನ್ ಅಂಗಡಿಯಲ್ಲಿ ಬಿಟ್ಟಿ. ಬೋಂಡ ಅಗ್ಗ. ಮದುವೆ ಊಟ ಸಂಭಾವನೆಯ ಜೊತೆ ಉಚಿತ. ನನ್ನ ಹೊಟ್ಟೆ ಬೆಳೆದದ್ದೇ ಇವುಗಳಲ್ಲಿ. ದುಡ್ಡು ಬೇಕಾದದ್ದು ಹಣ್ಣಿಗೆ, ಕಾಳಿಗೆ, ಮೊಟ್ಟೆಗೆ. ಅವ್ವನ ತವರು ಲೊಕ್ಕನಹಳ್ಳಿ, ಕಾಡಿನ ಅಂಚು. ಅಲ್ಲಿ ನನ್ನ ಅಜ್ಜಿ ಸಾಮೆ ಬೆಳೆಯುತ್ತಿದ್ದಳಂತೆ. ಅದೇ ಸಾಮೆ ಈಗ ಕೊಳ್ಳೇಗಾಲದ ಅಂಗಡಿಯಲ್ಲಿ ಹೊಳೆಯುವ ಪ್ಯಾಕೆಟ್ಟಿನಲ್ಲಿ ಕೂತಿತ್ತು. ಅವ್ವ ಅದನ್ನು ಕೈಯಲ್ಲಿ ಹಿಡಿದು ಬೆಲೆ ಕೇಳಿದಳು.

"ಅಕ್ಕಿ ಇಲ್ದಾಗ ನಮ್ಮವ್ವ ಇದ್ನ ಬೇಯ್ಸಾಳು. ಇವತ್ತೂ ಇದೇಯಾ ಅಂತ ನಾವು ಅಳವು," ಎಂದಳು. "ಈಗ ಇದ್ನ ತಿನ್ನಕ್ಕೆ ಸಾವ್ಕಾರಿಕೆ ಬೇಕು."

ಪ್ಯಾಕೆಟ್ಟನ್ನು ವಾಪಸ್ಸಿಟ್ಟು ಲೊಕ್ಕನಹಳ್ಳಿಗೆ ಫೋನು ಮಾಡಿದಳು. ನನ್ನ ಸೋದರಮಾವ ರಾಗಿ, ಹುರುಳಿ ಮೂಟೆ ಕಟ್ಟಿ ಬಸ್ಸಿಗೆ ಹಾಕಿದರು. "ಆನೆ ಹಂದಿ ಎಲ್ಲಾ ಉಂಡು ಇಷ್ಟ್ ಬುಟ್ಟವೆ. ನಿಮ್ಗೂ ಒಸಿ ಬುಟ್ಟವೆ ಅನ್ಕೊಳಿ," ಎಂದರು.

ಅವ್ವ ಶುರು ಮಾಡಿದಳು. ಅನ್ನ ಒಂದು ಸೌಟು, ಅದೂ ಮಧ್ಯಾಹ್ನ. ಮುದ್ದೆ ನನ್ನ ಮುಷ್ಟಿಯಷ್ಟಲ್ಲ, ಅವಳ ಮುಷ್ಟಿಯಷ್ಟು. ಹುರುಳಿ ಮೊಳಕೆ ಕಟ್ಟಿ ಬಸ್ಸಾರು. ಬೆರಕೆ ಸೊಪ್ಪಿಗೆ ಮಾತ್ರ ಲೆಕ್ಕವಿಲ್ಲ, ದನಕ್ಕೆ ಹಾಕಿದ ಹಾಗೆ. ಸಂತೆಗೆ ಎಲ್ಲರೂ ಬೆಳಿಗ್ಗೆ ಹೋದರೆ ಅವಳು ಅಂಗಡಿ ಎತ್ತುವ ಹೊತ್ತಿಗೆ ಹೋಗಿ, ಬಾಡಿದ್ದನ್ನು ಗುಡ್ಡೆ ಲೆಕ್ಕದಲ್ಲಿ ತರುತ್ತಿದ್ದಳು. ನಾನು ಬೆಳಿಗ್ಗೆ ಮರಡಿಗುಡ್ಡ ಹತ್ತಿ ಇಳಿಯಬೇಕು. ಮೊದಲ ದಿನ ಹತ್ತುವಾಗ ನನ್ನದೇ ಟ್ರ್ಯಾಕ್ಟರ್ ಸದ್ದು ಬಾಯಿಂದ ತಾನಾಗಿ ಬಂತು. ಇಳಿದು ಬರುತ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ದಾರಿ ಬಿಟ್ಟು ನಿಂತರು.

ಮದುವೆಗೂ ಬುತ್ತಿ. ಹೋಳಿಗೆಯ ವಾಸನೆಯ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿ ಮುದ್ದೆ ಮುರಿಯುವವನು ಆ ಸೀಮೆಯಲ್ಲಿ ನಾನೊಬ್ಬನೇ ಇದ್ದೆ. ಹನೂರಿನಲ್ಲಿ ಅಡಿಗೆಯವನು ಸೌಟು ಹಿಡಿದೇ ಬಂದು, "ಯಾಕ್ ಸಾ, ನಮ್ ಅಡ್ಗೆ ಮ್ಯಾಲೆ ಅನ್ಮಾನವಾ?" ಎಂದ. "ಅಡ್ಗೆ ಮೇಲಲ್ಲಪ್ಪ, ನನ್ನ ಮೇಲೆ," ಎಂದೆ.

ತಿಂಗಳುಗಳು ಹೋದವು. ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಕೊರೆದೆ, ಅದರ ಪಕ್ಕ ಇನ್ನೊಂದು. ರಕ್ತ ತೋರಿಸಿದಾಗ ಸಕ್ಕರೆ ಗಡಿಯಿಂದ ಹಿಂದಕ್ಕೆ ಸರಿದಿತ್ತು, ಕೊಬ್ಬು ಮನೆ ಖಾಲಿ ಮಾಡುತ್ತಿತ್ತು. ಅವ್ವ ಆ ಕಾಗದವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಕಂತೂ ಒಂದೂ ತಪ್ಪಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲ ಕಡಿಮೆಯಾಗುತ್ತಿತ್ತು, ಸಾಲ ಕೊಬ್ಬು ಎರಡೂ ಸೇರಿ.

ನಾನು ಮರೆತದ್ದು ಒಂದನ್ನು. ನಮ್ಮ ಕಡೆ ಒಬ್ಬ ಗಂಡಸಿನ ಮೈ ಇಳಿದರೆ ಅದಕ್ಕೆ ಇರುವುದು ಎರಡೇ ಕಾರಣ, ಕಾಯಿಲೆ ಇಲ್ಲವೇ ಕುಡಿತ. ಬೇಕೆಂದೇ ಇಳಿಸಿದ ಎನ್ನುವುದು ಯಾರ ತಲೆಗೂ ಹೋಗದು. ಇರುವುದನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ?

"ಶುಗರಾ?" ಎಂದರು ಟೀ ಅಂಗಡಿಯವರು. ಅಂಗಡಿಯ ಮಾಲೀಕರು, ನಾನು ಸೀರೆ ಹೊದ್ದು ನಿಂತರೆ, "ಒಣಗಾಕ್ದಂಗೆ ಕಾಣ್ತದೆ ಕಣ್ಲಾ," ಎಂದು ಇನ್ನೊಬ್ಬ ಹುಡುಗನನ್ನು ಕರೆದರು. ಯಳಂದೂರಿನಲ್ಲಿ ಟ್ರ್ಯಾಕ್ಟರ್ ಮಾಡಿದೆ. ಸದ್ದು ಅದೇ, ದಿಬ್ಬ ಅದೇ, ತೂಗಾಡಲು ಟ್ರೇಲರಿಲ್ಲ. ಯಾರೋ ಹಿಂದಿನಿಂದ, "ಕಬ್ ಇಳ್ಸ್‌ಬುಟ್ ಬಂದವ್ನೆ" ಎಂದರು. ಆ ಸಂಜೆ ಎಲ್ಲಕ್ಕಿಂತ ಜಾಸ್ತಿ ನಗು ಬಂದದ್ದು ಅದಕ್ಕೆ.

ಇಷ್ಟೂ ಸಹಿಸಬಹುದಿತ್ತು. ಮೊದಲ ಸಾಲ ಮುಗಿಯಲು ಕೆಲವು ಕಂತು ಉಳಿದಿರುವಾಗ ಸಂಘದ ಹೆಂಗಸರು ಮನೆಗೆ ಬಂದರು.

ಮುಂದೆ ಬಂದವರು ಲೀಡ್ರಮ್ಮ. ಬೀದಿಯ ಕೊನೆಯಲ್ಲಿ ಇಡ್ಲಿ ಮಾಡುತ್ತಾರೆ, ನಾನು ಅತ್ತೆ ಎನ್ನುತ್ತೇನೆ. ಸಂಘದ ಗುಂಪಿಗೆ ಅವರೇ ಮುಖ್ಯಸ್ಥೆ. ಒಂದು ಕೈ ಸೊಂಟದಲ್ಲಿಟ್ಟು "ಸಂಘ ಅಂದ್ರೆ ಸಂಸಾರ ಕಣ್ರಮ್ಮ" ಎನ್ನುವ ಅವರ ದನಿಯನ್ನು ನಾನು ಅವರೆದುರೇ ಎಷ್ಟು ಸಲ ಮಾಡಿ ತೋರಿಸಿ ಇಡ್ಲಿ ಗಿಟ್ಟಿಸಿದ್ದೇನೋ. ಅವತ್ತು ನನ್ನ ಗದ್ದ ಹಿಡಿದು ಬಾಗಿಲ ಕಡೆ ತಿರುಗಿಸಿದರು.

"ಒಸಿ ಬೆಳಕ್ಗೆ ಬಾ. ಕಣ್ಣು ಒಳಿಕ್ಕೋಗವಲ್ಲಾ."

"ಕಣ್ಣು ಅಲ್ಲೇ ಅದೆ ಅತ್ತೆ. ಕೆನ್ನೆ ಈಚೆಗಿತ್ತು, ಅದು ಓಯ್ತು."

ಯಾರೂ ನಗಲಿಲ್ಲ.

"ಡಾಕುಟ್ರೇ ಏಳವ್ರೆ ಕಣಕ್ಕ, ಇಳುಸ್ಬೇಕು ಅಂತ," ಎಂದಳು ಅವ್ವ.

"ಡಾಕುಟ್ರು ಸುಮ್‌ಸುಮ್ನೆ ಏಳಾರಾ? ಏನೋ ಇರ್ಬೇಕು."

ಅವ್ವ ದೇವರ ಫೋಟೋದ ಹಿಂದಿನ ಕಾಗದ ತಂದು ಹಿಡಿದಳು. ಲೀಡ್ರಮ್ಮ ಅದನ್ನು ಮುಟ್ಟಲಿಲ್ಲ. "ರಿಪೋಲ್ಟು ಓದಕ್ಕೆ ನಂಗ್ ಬರಾದಿಲ್ಲ. ಮೂತಿ ಓದಕ್ ಬತ್ತದೆ," ಎಂದರು. ಆಮೇಲೆ ಕೂತು, ಇಡ್ಲಿಯ ರೇಟು ಹೇಳುವ ಹಾಗೆ, ಕೋಪವಿಲ್ಲದೆ ಬಿಡಿಸಿ ಹೇಳಿದರು. "ನೋಡವ್ವ, ಬೇಜಾರ್ ಮಾಡ್ಕೋಬ್ಯಾಡ. ಎಲ್ಡ್‌ನೇ ಸಾಲ್ಕೆ ನಾವೆಲ್ಲಾ ಸೈನ್ ಮಾಡ್ಬೇಕು. ನಿನ್ ಗಂಡ ಆಗ್ಲೇ ಕುಂತವ್ನೆ. ಈಗ ಮಗ. ಸತ್ರೆ ಇನ್ಸೂರೆನ್ಸ್ ಅದೆ, ಕಂಪ್ನಿಯೋರೇ ಮನ್ನಾ ಮಾಡ್ತರೆ. ಮನಿಕಂಡ್ರೆ ಏನೂ ಇಲ್ಲ. ನಾವ್ ಒಂಬತ್ ಜನ ಕಟ್ಬೇಕು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಉರಿದದ್ದು. ಆ ಒಂಬತ್ತು ಮನೆಯಲ್ಲೂ ಒಂದೊಂದು ಮೈಸೂರು ಆಸ್ಪತ್ರೆಯೋ, ಮಗಳ ಬಾಣಂತನವೋ ಇತ್ತು.

ಮಾರನೆಯ ದಿನದಿಂದ ಡಬ್ಬಿಗಳು ಬರತೊಡಗಿದವು. ಒಂದು ಮನೆಯಿಂದ ತುಪ್ಪದ ಒಬ್ಬಟ್ಟು, ಒಂದು ಮನೆಯಿಂದ ಕೋಳಿ ಸಾರು, ಲೀಡ್ರಮ್ಮನಿಂದ ಇಡ್ಲಿ ಜೊತೆ ಬೆಣ್ಣೆ. "ಮಗೀಗ್ ಕೊಡಿ, ಒಸಿ ಸುಧಾರಿಸ್ಲಿ." ಒಂಬತ್ತು ಮನೆಯವರು ಸೇರಿ ತಮ್ಮ ಜಾಮೀನಿಗೆ ಮೇವು ಹಾಕುತ್ತಿದ್ದರು. ಅವ್ವ ನಗುತ್ತಾ ಡಬ್ಬಿ ಇಸಿದುಕೊಳ್ಳುವಳು. ಅವರು ಅತ್ತ ಹೋದ ಮೇಲೆ ಸೆರಗಿನಡಿ ಮುಚ್ಚಿಕೊಂಡು ಹೋಗಿ, ಪಕ್ಕದ ಬೀದಿಯಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದವರ ಮಕ್ಕಳಿಗೆ ಹಂಚಿ ಬರುವಳು. ನಾನು ಒಂದು ಒಬ್ಬಟ್ಟಿನ ಅಂಚು ಮುರಿದದ್ದಕ್ಕೆ, ಮೀಸೆ ಬಂದ ಮಗ ಎಂದು ನೋಡದೆ, ಕೈಮೇಲೆ ಹೊಡೆದಳು. "ಒಬ್ಬುನ್ನ ಮೈಸೂರಿಂದ ಒತ್ಕಂಡ್ ಬಂದಿವ್ನಿ. ಇನ್ನೊಬ್ಬುನ್ನ ಒರಕ್ ನಂಗ್ ಶಕ್ತಿ ಇಲ್ಲ," ಎಂದಳು.

ಇತ್ತ ಸಾವ್ಕಾರರು ಬಂದು ಗೋಡೆ ಬಡಿದು, ಈ ಸಲ ಬಾಗಿಲ ಮರ ಯಾವುದೆಂದೂ ಕೇಳಿದರು.

ಸಹಿಯ ಬುಧವಾರ ಹತ್ತಿರ ಬಂತು. ಹೆಂಗಸರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಿಂದಿನ ದಿನ ನಾನೇ ಹೇಳಿದೆ, "ಅವ್ವ, ನಾನು ಊರೋರ್ನೆಲ್ಲ ಮಾಡಿ ತೋರಿಸ್ತೀನಿ. ನನ್ನನ್ನ ನಾನು ಮಾಡಕ್ಕಾಗಲ್ವಾ?"

ಅವ್ವನಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಆಯಿತು. ಬುಧವಾರ ಬೆಳಿಗ್ಗೆ ಮಂಚದಿಂದ ಎದ್ದು ದೊಡ್ಡ ಟರ್ಕಿ ಟವಲು, ಅವ್ವನ ಹಳೆಯ ಸೀರೆ ತಂದ. "ತಿರ್ಗು," ಎಂದ. ಅಪ್ಪ ಮಗ್ಗದ ದೋಣಿ ಎನ್ನುವ ಉರುಳೆಗೆ ಉದ್ದದ ಎಳೆ ಸುತ್ತಿದ ಕೈಯವನು. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು ಎನ್ನುವುದು ಅವನಿಗೆ ಹೇಳಿಕೊಡಬೇಕಿಲ್ಲ. ಟವಲನ್ನು ಮಡಿಕೆ ಮಡಿಕೆಯಾಗಿ ಹೊಟ್ಟೆಗೆ ಒತ್ತಿ, ಸೀರೆಯನ್ನು ಸುತ್ತಿ ಸುತ್ತಿ ಬೆನ್ನ ಹಿಂದೆ ಗಂಟು ಹಾಕಿದ. ದೂರ ನಿಂತು ನೋಡಿ, ಮತ್ತೆ ಬಂದು ಕೆಳಗೆ ಒಂದಿಷ್ಟು ಇಳಿಸಿದ. "ನಿಂದು ಒಸಿ ತಗ್ಗಲ್ಲಿತ್ತು," ಎಂದ. ಮೈಸೂರಿನಿಂದ ಬಂದ ಮೇಲೆ ಅಪ್ಪ ಯಾವ ಕೆಲಸವನ್ನೂ ಅಷ್ಟು ಗಮನ ಕೊಟ್ಟು ಮಾಡಿರಲಿಲ್ಲ. ಹಳೆಯ ದೊಡ್ಡ ಅಂಗಿ ಹಾಕಿಕೊಂಡೆ.

ಸಭೆ ಲೀಡ್ರಮ್ಮನ ಜಗಲಿಯಲ್ಲಿ. ನಾನು ನನ್ನ ಹಳೆಯ ನಡಿಗೆಯಲ್ಲಿ ಹೋದೆ. ದಪ್ಪಗಿದ್ದವರು ಹಿಂದಕ್ಕೆ ವಾಲಿ ನಡೆಯುತ್ತಾರೆ, ಪಾದ ಆಚೀಚೆ ತಿರುಗಿರುತ್ತದೆ, ಕೂರುವಾಗ ಮೊದಲು ಉಸಿರು ಬಿಡುತ್ತಾರೆ. ಎಷ್ಟೋ ಜನರನ್ನು ಮಾಡಿದ ನನಗೆ ಯಾರೂ ಇಷ್ಟು ಸುಲಭವಾಗಿ ಬಂದಿರಲಿಲ್ಲ. ಆ ದಪ್ಪ ಹುಡುಗ ಅಷ್ಟರಲ್ಲೇ ಬೇರೆ ಯಾರೋ ಆಗಿದ್ದ. ಇಷ್ಟವಾದ ಕೂಡ.

ಕಂತು ವಸೂಲಿಗೆ ಬರುವ ಕಂಪನಿಯ ಸಾರು ಬೇರೆ ಜಿಲ್ಲೆಯವರು, ಹೊಸಬರು. ಟ್ಯಾಬ್ ತೆರೆದು ನನ್ನ ಹಳೆಯ ಫೋಟೋ ನೋಡಿದರು, ನನ್ನನ್ನು ನೋಡಿದರು. "ಮುಖ ಸ್ವಲ್ಪ ಇಳಿದಿದೆಯಲ್ಲ ಇವರದ್ದು?"

"ಬಿಸ್ಲು ಸಾ," ಎಂದರು ಲೀಡ್ರಮ್ಮ. "ಬಿಸ್ಲು ಜಾಸ್ತಿ ಈ ವರ್ಸ."

ನಾನು ತಕ್ಷಣ ಸಾರಿನದೇ ಮಿಮಿಕ್ರಿ ಹಿಡಿದೆ. ಬರಿಗೈಯನ್ನೇ ಟ್ಯಾಬಿನ ಹಾಗೆ ಮೂಗಿನ ಹತ್ತಿರ ತಂದು, "ಮೇಡಂ, ನೆಟ್‌ವರ್ಕ್ ಬರ್ತಾ ಇಲ್ಲ, ಎಲ್ಲರೂ ಸ್ವಲ್ಪ ಉಸಿರು ಹಿಡ್ಕೊಳಿ" ಎಂದೆ. ಹೆಂಗಸರು ನಕ್ಕರು, ಸಾರೂ ನಕ್ಕರು. ನಗು ಇಳಿಯುವ ಮುಂಚೆ ಫೋಟೋ ಆಯಿತು. ಒಬ್ಬೊಬ್ಬರಾಗಿ ಒಂಬತ್ತು ಜನವೂ ಸಹಿ ಹಾಕಿದರು. ದುಡ್ಡು ಬಂದ ದಿನವೇ ಸಾವ್ಕಾರರಿಗೆ ಕೊಟ್ಟು ಮನೆ ಪತ್ರ ತಂದೆವು. ಅವರಿಗೆ ನಿಜವಾಗಿಯೂ ಬೇಜಾರಾಯಿತು. ಗೋಡೆ ಗಟ್ಟಿಯಾಗಿತ್ತಲ್ಲ.

ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಸಂಭಾವನೆ ಎಂದು ತಿಂಗಳುಗಟ್ಟಲೆ ಒಳಗೊಳಗೇ ಮೆರೆದೆ. ಬುಧವಾರ ಬುಧವಾರ ಅಪ್ಪನ ಕೈಯಲ್ಲಿ ಹೊಟ್ಟೆ ಕಟ್ಟಿಸಿಕೊಂಡು ಸಾರು ನೋಡಲಿ ಎಂದು ಅವ್ವನ ಜೊತೆ ಸಭೆಗೆ ಹೋಗುವುದು, ಕಂತು ಕಟ್ಟುವುದು, ಅಂಗಡಿಯ ದಾಸ್ತಾನು ಕೋಣೆಯಲ್ಲಿ ಹೊಟ್ಟೆ ಬಿಚ್ಚುವುದು. ಉಳಿದ ದಿನ ಬೆಳಿಗ್ಗೆ ಬೇಗ ಹೊರಟು ಕತ್ತಲಾದ ಮೇಲೆ ಬರುತ್ತಿದ್ದೆ. ಬೀದಿಯವರ ಕಣ್ಣಿಗೆ ಬೀಳುತ್ತಿದ್ದದ್ದು ಕಡಿಮೆ ಎಂದುಕೊಂಡಿದ್ದೆ.

ಹನೂರಿನ ಮದುವೆಯೊಂದರಲ್ಲಿ ಕಾರ್ಯಕ್ರಮ ಮುಗಿಸಿ ಊಟದ ಹಾಲಿಗೆ ಹೋಗಿ, ಮೂಲೆಯಲ್ಲಿ ಡಬ್ಬಿ ಬಿಚ್ಚಿದೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತವರು ಲೀಡ್ರಮ್ಮ. ಹೆಣ್ಣಿನ ಕಡೆ ನೆಂಟರಂತೆ. ನನ್ನ ಚಪ್ಪಟೆ ಹೊಟ್ಟೆಯ ಮೇಲೆ ಕೈಯಿಟ್ಟು ಮುಚ್ಚಿಕೊಳ್ಳಲು ನೋಡಿದೆ, ತುಂಬಾ ತಡವಾಗಿ.

"ತೆಗಿ ಕಯ್ಯ," ಎಂದರು. "ಅವತ್ತೇ ಗೊತ್ತು ಕಣ್ಲಾ. ಒಟ್ಟೆ ಒಂದ್ ಬಂತು, ಕೆನ್ನೆ ಬರ್ನಿಲ್ಲ. ಕೆನ್ನೆಗೂ ಟವಲ್ ಇಕ್ಬೇಕಾಗಿತ್ತು."

"ಎಲ್ಲಾರ್ಗೂ ಗೊತ್ತಾ ಅತ್ತೆ?"

"ಗೊತ್ತಿಲ್ದೆ? ಬೀದೀಲಿ ನಿನ್ನ ನೋಡದೆ ಎಲ್ಲೋಗ್ತೀವಿ."

"ಮತ್ಯಾಕ್ ಸೈನ್ ಮಾಡುದ್ರಿ?"

ಅವರು ಎಲೆಯ ತುದಿಯಲ್ಲಿ ಉಪ್ಪು ಸರಿಸಿದರು. "ಮಾಡ್ದೆ? ನಿಮ್ಗೆ ಸಾಲ ನಿಂತ್ರೆ ಸಾವ್ಕಾರ ಮನೆ ಕಿತ್ಕತನೆ. ಮನೆ ಓದ್ರೆ ನೀವ್ ಊರ್ ಬುಡ್ತೀರಿ. ಉಳ್ದಿದ್ ಕಂತು ನಮ್ ತಲೆಗೆ. ಸಾರು ಕೇಳುದ್ರೆ ಏನೇಳದು ಅಂತ ಎದೆ ಹೊಡ್ಕತಿತ್ತು, ಅಷ್ಟೊತ್ಗೆ ನೀನೇ ದಪ್ಪ ಆಗ್ ಬಂದೆ. ಒಳ್ಳೇದೇ ಆಯ್ತು ಅನ್ಕೊಂಡ್ವಿ."

ಬಡಿಸುವವನು ಹೋಳಿಗೆ ತಂದ. ಲೀಡ್ರಮ್ಮ ಅವನ ಕೈ ಹಿಡಿದು ನನ್ನ ಮುಂದೆ ಎಲೆ ಹಾಕಿಸಿ, ಎರಡು ಹೋಳಿಗೆ ಇಡಿಸಿ, ತುಪ್ಪ ಹುಯ್ಯಿಸಿದರು. ನನ್ನ ಡಬ್ಬಿಯ ಮುಚ್ಚಳ ತಾವೇ ಮುಚ್ಚಿದರು.

"ಬರೋ ತಿಂಗ್ಳು ಇನ್ ನಾಕ್ ಜನದ್ದು ಎಲ್ಡ್‌ನೇ ಸಾಲ ಅದೆ. ನಂದೂ ಅದೆ. ಗುಂಪಲ್ಲಿ ಕಾಯ್ಲೆಯೋರು ಅವ್ರೆ ಅಂತ ಸಾರ್ಗೆ ಅನುಸ್ಬಾರ್ದು. ಟವಲ್ ಎಷ್ಟ್ ದಿನ ನಡ್ದಾದು? ಇನ್ನೊಂದೆಲ್ಡ್ ವರ್ಸ ಸಣ್ಣ ಆಗ್ಬ್ಯಾಡ ಮಗ. ತೀರೋಗ್ಲಿ. ಆಮೇಲ್ ಕಡ್ಡಿ ಆಗೋಗು, ಯಾರ್ ಕೇಳಾರು."

"ಅಪ್ಪುಂಗಾದಂಗೆ ನಂಗೂ ಆದ್ರೆ?"

"ಆಗದಾದ್ರೆ ಕಂತು ಮುಗುದ್ ಮ್ಯಾಲೆ..." ಎಂದವರು ಅಲ್ಲಿಗೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡರು. ನಾನು ಸೊಂಟಕ್ಕೆ ಕೈಕೊಟ್ಟು, ಅವರ ದನಿಯಲ್ಲಿ, "ಸಂಘ ಅಂದ್ರೆ ಸಂಸಾರ ಕಣ್ರಮ್ಮ" ಎಂದೆ. ಎಂದಾದರೂ ಒಂದು ದಿನ ಆ ಮಾತಿಗೆ ಅವರು ನಗದೆ ಇರಬಹುದೆಂದು ನಾನು ಯೋಚಿಸಿರಲಿಲ್ಲ. ಕಣ್ಣೊರೆಸಿಕೊಂಡು, ತಮ್ಮ ಪಾಲಿನ ಹೋಳಿಗೆಯನ್ನು ಮೊಮ್ಮಗಳಿಗೆಂದು ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮನೆಗೆ ಬಂದು ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ, ಲೀಡ್ರಮ್ಮನ ದನಿಯಲ್ಲಿ, ನನ್ನ ದನಿಯಲ್ಲಿ. ಅವಳು ಜಗಳಕ್ಕೆ ಹೊರಡುತ್ತಾಳೆ ಎಂದುಕೊಂಡೆ. ಡಬ್ಬಿಯಲ್ಲಿ ಉಳಿದು ಬಂದಿದ್ದ ಮುದ್ದೆಯನ್ನು ನೀರಿಗೆ ಹಾಕಿ, ಪಾತ್ರೆ ತೊಳೆಯುತ್ತಾ, "ಅವ್ರದ್ದೂ ನಿಜ್ವೇಯಾ," ಎಂದಳು. ಅಪ್ಪ ಮಂಚದ ಮೇಲೆ ಗೋಡೆಯ ಕಡೆ ತಿರುಗಿಕೊಂಡ.

ಮುಂದಿನ ಬುಧವಾರ ಸಭೆ ನಮ್ಮ ಮನೆಯಲ್ಲೇ ಇತ್ತು. ಅಪ್ಪ ಟವಲು ತರಲಿಲ್ಲ, ನಾನು ಕೇಳಲಿಲ್ಲ. ಕಂಪನಿಯ ಸಾರು ಇನ್ನೂ ಬಂದಿರಲಿಲ್ಲ. ಲೀಡ್ರಮ್ಮ ಬೆಣ್ಣೆ ಹಾಕಿದ ಇಡ್ಲಿಯ ಡಬ್ಬಿ ಕೊಟ್ಟರು, ಇನ್ನೊಬ್ಬರು ಕೋಳಿ ಸಾರು ಕೊಟ್ಟರು. ಅವ್ವ ಇಸಿದುಕೊಂಡು ಒಳಗೆ ಹೋದಳು. ಸೆರಗಿನಡಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಹೊರಡುತ್ತಾಳೆ ಎಂದು ನಾನು ಕಾದೆ. ತಟ್ಟೆ ಸದ್ದಾಯಿತು. ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸಿಕೊಂಡು ಜಗಲಿಗೆ ಬಂದು, ಅಷ್ಟೂ ಹೆಂಗಸರ ನಡುವೆ, ನನ್ನ ಮುಂದೆ ಇಟ್ಟಳು. ಅನ್ನ ಸೌಟಿನ ಲೆಕ್ಕದಲ್ಲಿರಲಿಲ್ಲ.

ನಾನು ಅವಳ ಮುಖ ನೋಡಿದೆ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು.

"ಉಣ್ಣು ಮಗ," ಎಂದಳು, ನನಗೆ ಮಾತ್ರ ಕೇಳುವ ಹಾಗೆ. "ನೋಡ್ತಾವ್ರೆ."